ಓಬಮ್ಮನ ಮನೆಯ ಹೆಪ್ಪು

ಐದು ದಿನದ ಮೇಲೆ ಯಗಟಿಯಲ್ಲಿ ಬಸ್ಸಿಳಿದು ತೆಂಗಿನ ತೋಟದ ದಾರಿ ಹಿಡಿದ ಕೋಮಲಳಿಗೆ, ಮೋಟರು ಮನೆ ಇನ್ನೂ ಇಪ್ಪತ್ತು ಹೆಜ್ಜೆ ದೂರ ಇರುವಾಗಲೇ ವಾಸನೆ ಬಡಿಯಿತು. ಸರಿಯಾಗಿ ಹುಳಿ ಬರುತ್ತಿರುವ ಕೊಂಬುಚದ ವಾಸನೆ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಅದರಲ್ಲಿ ಹಣ್ಣಿನ ಸಿಹಿ ಇರುತ್ತದೆ, ಮೂಗಿನ ತುದಿಗೆ ಚುರ್ ಎನ್ನುವ ಹುಳಿ ಇರುತ್ತದೆ. ಇದು ಅದಲ್ಲ. ಇದು ದನದ ಕೊಟ್ಟಿಗೆಯ ವಾಸನೆ. ಮೂರು ತಿಂಗಳಿಂದ ಆ ಕೋಣೆಯೊಳಗೆ ಒಂದು ನೊಣ ನುಸುಳದಂತೆ ಕಾಯ್ದುಕೊಂಡು ಬಂದವಳು ಅವಳು. ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲು ತಳ್ಳಿದಳು.

ಆರು ಗಾಜಿನ ಜಾಡಿ, ಒಂದೊಂದರಲ್ಲಿ ಹತ್ತು ಲೀಟರು. ಬಾಯಿಗೆ ಕಟ್ಟಿದ್ದ ಹಳೇ ಪಂಚೆಯ ಬಟ್ಟೆ ಬಿಚ್ಚಿ ನೋಡಿದರೆ, ಬೆಳ್ಳಗೆ ದಪ್ಪ ದೋಸೆಯಂತೆ ತೇಲಬೇಕಾಗಿದ್ದ ಪದರದ ಮೇಲೆ ಹಸಿರು ಬೂಸಲು, ಕಪ್ಪು ಬೂಸಲು, ನಡುನಡುವೆ ಹಳದಿ ಕಲೆ. ಒಂದಾದರೂ ಉಳಿದಿದೆಯೇ ಎಂದು ಎರಡನೆಯದು ಬಿಚ್ಚಿದಳು, ಮೂರನೆಯದು ಬಿಚ್ಚಿದಳು. ಐದನೆಯದರಲ್ಲಿ ಒಂದು ಮಾವಿನ ಎಲೆ ತೇಲುತ್ತಿತ್ತು. ಆರೂ ಹೋಗಿದ್ದವು. ಲಕ್ಕವಳ್ಳಿಯ ರೆಸಾರ್ಟಿಗೆ ಮೊದಲ ಸರಕು ಕಳಿಸಲು ಹದಿನಾರು ದಿನ ಬಾಕಿ ಇತ್ತು. ಹೊಸದಾಗಿ ಹುಳಿ ಬರಿಸಿ ಬಾಟಲಿಗೆ ತುಂಬಲು ಹೆಚ್ಚುಕಡಿಮೆ ಹದಿಮೂರು ದಿನ ಬೇಕು.

"ಯಾವ ಕೈ ಆಡ್ತಪ್ಪಾ ಇದರೊಳಗೆ, ಹಾಳಾಗೋಗ್ಲಿ!" ಎಂದು ಕೋಮಲ ಖಾಲಿ ಕೋಣೆಗೇ ಕೇಳಿದಳು.

ಕೊಂಬುಚ ಎಂದರೆ ಮಹಾ ವಿದ್ಯೆಯೇನಲ್ಲ. ಚಹಾ ಕುದಿಸಬೇಕು, ಸಕ್ಕರೆ ಹಾಕಬೇಕು, ಬೆರಳಿಟ್ಟರೆ ಸುಡದಷ್ಟು ಆರಿಸಬೇಕು. ಹಿಂದಿನ ಸಲದ ಹುಳಿ ನೀರು ಒಂದಿಷ್ಟು ಸೇರಿಸಿ, ಮೇಲೆ ಆ ಪದರ ಬಿಟ್ಟು, ಗಾಳಿಯಾಡುವಂತೆ ಬಟ್ಟೆ ಕಟ್ಟಿಟ್ಟರೆ ಮಿಕ್ಕಿದ್ದನ್ನು ಅದೇ ಮಾಡಿಕೊಳ್ಳುತ್ತದೆ. ಎಂಟು ಹತ್ತು ದಿನಕ್ಕೆ ಸಿಹಿ ಇಳಿದು ಹುಳಿ ಏರುತ್ತದೆ, ಹಳೆ ಪದರದ ಮೇಲೆ ಹೊಸ ಪದರ ಕಟ್ಟುತ್ತದೆ. ಆಮೇಲೆ ನೇರಳೆಯೋ, ಶುಂಠಿಯೋ, ಬೆಟ್ಟದ ನೆಲ್ಲಿಯೋ ಹಾಕಿ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಮೂರು ದಿನ ಇಟ್ಟರೆ ಗ್ಯಾಸು ಹುಟ್ಟುತ್ತದೆ. ಇಷ್ಟೇ. ಆದರೆ ಈ ಇಷ್ಟೇ ಅನ್ನುವ ಕೆಲಸಗಳೇ ಮನುಷ್ಯರ ಜೀವ ತಿನ್ನುವುದು. ಜಾಡಿಯಲ್ಲಿ ಸೋಪು ಉಳಿದರೆ ಪದರ ಸೊರಗುತ್ತದೆ, ಚಹಾ ಬಿಸಿಯಿದ್ದರೆ ಸಾಯುತ್ತದೆ, ಬಾಟಲಿಯನ್ನು ಒಂದು ದಿನ ಹೆಚ್ಚು ಮರೆತರೆ ಸಿಡಿದು ಗೋಡೆಯೆಲ್ಲ ನೇರಳೆ ಹಣ್ಣಿನ ಬಣ್ಣ. ಈ ತೋಟದ ಮನೆಯ ಹೊನ್ನೇಶನ ಮಾತು ಕೇಳಿ ಒಮ್ಮೆ ತೆಂಗಿನಕಾಯಿ ಹಾಲು ಹಾಕಿ ನೋಡಿದ್ದರು. ಅದನ್ನು ಎಮ್ಮೆಯೂ ಮೂಸಲಿಲ್ಲ.

ಇದನ್ನೆಲ್ಲ ಕೋಮಲ ಕಲಿತದ್ದು ಅದೇ ಲಕ್ಕವಳ್ಳಿಯ ರೆಸಾರ್ಟಿನ ಅಡುಗೆಮನೆಯಲ್ಲಿ. ಪಾತ್ರೆ ತೊಳೆಯಲು ಸೇರಿದ್ದಳು. ಅಲ್ಲಿನ ಮುಖ್ಯ ಅಡುಗೆಯವನು ಹಾಲೇಶ್ ಮಹಾ ಸೋಮಾರಿ. ಜಾಡಿ ನೋಡಿಕೊಳ್ಳುವ ಕೆಲಸವನ್ನು ಇವಳ ತಲೆಗೆ ಕಟ್ಟಿದ. ವರ್ಷ ತುಂಬುವಷ್ಟರಲ್ಲಿ ಅವನಿಗಿಂತ ಇವಳ ನಾಲಿಗೆ ಚುರುಕಾಯಿತು. ಅವನು ಕೆಲಸ ಬಿಟ್ಟು ಗೋವಾ ಕಡೆ ಹೋಗುವಾಗ ಒಂದು ಪದರವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಇವಳ ಕೈಗಿಟ್ಟ. ಹೊಸ ಮ್ಯಾನೇಜರು ಬಂದು ಹಳಬರನ್ನೆಲ್ಲ ಕಳಿಸಿದಾಗ ಇವಳೂ ಆ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ತರೀಕೆರೆ ಬಸ್ಸು ಹತ್ತಿ ಅಜ್ಜಂಪುರದ ಮನೆಗೆ ಬಂದಳು. ಅವಳ ತಾಯಿ ಓಬಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಥೂ, ಇದೇನೇ ಇದು, ಹಸು ಕರ ಹಾಕಿದ್ಮೇಲೆ ಬೀಳೋ ಮಾಸು ಇದ್ದಂಗೈತೆ!" ಎಂದಿದ್ದಳು. ಎಂಟು ದಿನದ ಮೇಲೆ ಒಂದು ಗುಟುಕು ಕುಡಿದು ಕಣ್ಣರಳಿಸಿ, "ಟೀಗೂ ಹೆಪ್ಪು ಹಾಕ್ತಾರಾ?" ಎಂದು ಕೇಳಿದವಳು, ಅಂದಿನಿಂದ ಆ ಪದರವನ್ನು ಹೆಪ್ಪು ಎಂದೇ ಕರೆದಳು. ಕೋಮಲಳ ಬಾಯಿಗೂ ಅದೇ ಅಂಟಿತು.

ಸ್ಫೂರ್ತಿ ಎಂಬ ಗೆಳತಿ ಸಿಕ್ಕಿದ್ದು ಕಡೂರಿನಲ್ಲಿ, ಹೆಂಗಸರಿಗೆ ಜಾಮು ಜೆಲ್ಲಿ ಕಲಿಸುವ ಹತ್ತು ದಿನದ ತರಬೇತಿಯಲ್ಲಿ. ಯಗಟಿಯ ಬೀರಪ್ಪನವರ ಸೊಸೆ. ತೆಂಗಿನ ತೋಟ, ಫ್ರಿಜ್ಜು, ಟೆಂಪೊ ಓಡಿಸುವ ಗಂಡ ಹೊನ್ನೇಶ್, ಎಲ್ಲ ಇತ್ತು. ಮಾತು ಅರಳು ಹುರಿದಂತೆ. ಕೋಮಲ ತಂದಿದ್ದ ಶುಂಠಿ ಕೊಂಬುಚ ಕುಡಿದು, "ಲೇ ಕೋಮು, ಇದನ್ನ ಮಾರೋಣ ಕಣೇ!" ಎಂದು ಕೈ ಹಿಡಿದುಕೊಂಡಿದ್ದಳು. ಜಾಗ, ಬಾಟಲಿ, ಓಡಾಟ ಸ್ಫೂರ್ತಿಯದು. ಹುಳಿ ಬರಿಸುವುದು, ರುಚಿ ಕಟ್ಟುವುದು ಕೋಮಲಳದು. ಲಕ್ಕವಳ್ಳಿಯ ಹೊಸ ಮ್ಯಾನೇಜರಿಗೆ ಬಾಟಲಿ ತೋರಿಸಿ, ಮಾತಾಡಿ, ವಾರಕ್ಕೆ ನೂರು ಬಾಟಲಿಯ ಆರ್ಡರು ಹಿಡಿದು ತಂದವಳೂ ಸ್ಫೂರ್ತಿಯೇ. ಇಲ್ಲವೆನ್ನಬಾರದು. ಕೋಮಲ ಕೇಳಿದ್ದು ಒಂದೇ ಒಂದು: ಫುಡ್ ಲೈಸೆನ್ಸಿನಲ್ಲಿ, ಬಾಟಲಿಯ ಚೀಟಿಯಲ್ಲಿ ತನ್ನ ಹೆಸರೂ ಇರಬೇಕು. ತಾನು ಎಂಜಲು ತಟ್ಟೆ ತೊಳೆದ ಅಡುಗೆಮನೆಗೆ ತನ್ನ ಹೆಸರಿರುವ ಬಾಟಲಿ ಹೋಗಬೇಕು. "ಅಯ್ಯೋ, ಅದೂ ಒಂದ್ ಮಾತಾ!" ಎಂದು ಸ್ಫೂರ್ತಿ ಅವಳ ಆಧಾರ್ ಜೆರಾಕ್ಸ್ ಇಸಿದುಕೊಂಡಿದ್ದಳು.

ಈಗ ಆರು ಜಾಡಿ ಕೊಳೆತು ಕೂತಿವೆ. ಕೋಮಲ ಮಾವಿನ ಎಲೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಸೀದಾ ಮನೆಯ ಜಗುಲಿಗೆ ಹೋದಳು.

ಜಗುಲಿಯ ಮೇಲೆ ಸ್ಫೂರ್ತಿಯ ಅತ್ತೆ ಪಾಪಮ್ಮ ಕಾಲು ನೀಡಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಈ ಮುದುಕಿ ಕೆಟ್ಟವಳಲ್ಲ. ದಿನಾ ಬೆಳಿಗ್ಗೆ ಅರ್ಧ ಲೋಟ ಶುಂಠಿ ಕೊಂಬುಚ ಕುಡಿಯುತ್ತಿದ್ದಳು; ಅದರಿಂದಲೇ ಮಂಡಿ ನೋವು ಇಳಿಯಿತೆಂದು ಊರೆಲ್ಲ ಡಂಗುರ ಹೊಡೆದಿದ್ದಳು. ಕೋಮಲ ಮೊದಲ ದಿನ ಬಂದಾಗ, "ಯಾವೂರವ್ವ? ಯಾರ ಪೈಕಿ?" ಎಂದು ಕೇಳಿದ್ದಳು. ಕೋಮಲ ಬಾಯಿ ತೆರೆಯುವ ಮೊದಲೇ ಸ್ಫೂರ್ತಿ, "ಅಜ್ಜಂಪುರದೋರು ಅತ್ತೆ, ಟ್ರೈನಿಂಗ್ ಕೊಡೋ ಮೇಡಂ" ಎಂದುಬಿಟ್ಟಿದ್ದಳು. ಮುದುಕಿ ಅಷ್ಟಕ್ಕೇ ತೃಪ್ತಳಾಗಿ ಕಾಫಿ ಕೊಡಿಸಿದ್ದಳು. ಕೋಮಲ ಹೇಳಬಹುದಿತ್ತು. ಅವಳಪ್ಪ ಓಬಳಪ್ಪ ಬೌದ್ಧನಾದ ದಿನ ಅಜ್ಜಂಪುರದ ಬೀದಿಯಲ್ಲಿ ನಿಂತು ಯಾರ ಮುಂದೂ ತಲೆ ಬಗ್ಗಿಸುವುದಿಲ್ಲ ಎಂದು ಹೇಳಿದ್ದವನು. ಮಗಳು ಒಂದು ಲೋಟ ಕಾಫಿಯ ಮುಂದೆ ಸುಮ್ಮನಿದ್ದಳು. ಕೆಲಸ ಆಗಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡರೂ ಆ ನಾಚಿಕೆ ಅವಳಿಂದ ಇನ್ನೂ ಹೋಗಿರಲಿಲ್ಲ.

"ಅಜ್ಜಿ, ಜಾಡಿಗೆ ಏನಾದ್ರೂ ಹಾಕಿದ್ರಾ?"

"ಹೂಂ ಕಣವ್ವ, ನಾನೇ ಹಾಕ್ದೆ," ಎಂದಳು ಪಾಪಮ್ಮ, ಎಣ್ಣೆ ತಿಕ್ಕುವ ಕೈ ನಿಲ್ಲಿಸದೆ. "ಬುಕ್ಕಾಂಬುಧಿ ಮದುವೇಲಿ ನಮ್ ನಾದಿನಿ ಸಿಕ್ಕಿದ್ಲು. ನೀನು ಓಬಳಪ್ಪನ ಮಗಳಂತೆ. ನೀನು ಹೇಳ್ಳೇ ಇಲ್ಲ. ಇರ್ಲಿ ಬಿಡು, ನಾನೇನ್ ಜಗಳ ಆಡಿದ್ನಾ? ನಿನ್ನ ಬರಬ್ಯಾಡ ಅಂದ್ನಾ? ಗಂಜಲಕ್ಕೆ ಒಂದಿಷ್ಟು ಅರಿಶಿನ ಕದಡಿ ಮಾವಿನೆಲೇಲಿ ಚಿಮುಕಿಸ್ದೆ. ಸಾಲ್ದೇನೋ ಅನ್ನುಸ್ತು. ಆಮೇಲೆ ಒಂದೊಂದ್ ಸೌಟು ಹುಯ್ದೆ. ಎಲ್ಲಾ ಶುದ್ಧ ಆಗೋಯ್ತು."

"ಗಂಜಲ ಹುಯ್ದ್ರಾ?"

"ಮತ್ತೆ? ನಾನು ಕುಡೀಬೇಕಲ್ಲವ್ವ, ನನ್ ಮಂಡಿಗೆ!"

ನೋಡಿ, ಮುದುಕಿ ಬೈದಿದ್ದರೆ ಬೈಗುಳಕ್ಕೆ ಬೈಗುಳ ಇತ್ತು. ಬಾಗಿಲಲ್ಲಿ ತಡೆದು ನಿಲ್ಲಿಸಿದ್ದರೆ ಮುಖಕ್ಕೆ ಹೊಡೆದಂತೆ ನಾಲ್ಕು ಮಾತಾಡಿ ಬರಬಹುದಿತ್ತು, ಸ್ಟೇಷನ್ನಿಗೂ ಹೋಗಬಹುದಿತ್ತು. ನೀನು ಮಾಡಿದ್ದನ್ನು ಬಿಡಲಾರೆ, ನಿನ್ನ ಕೈ ಸೋಕಿದ್ದನ್ನು ತೊಳೆದುಕೊಂಡು ಕುಡಿಯುತ್ತೇನೆ ಎಂದು ಅಕ್ಕರೆಯಿಂದ ಹೇಳುವವಳಿಗೆ ಏನೆಂದು ಉತ್ತರ ಕೊಡುವುದು? ಕೋಮಲಳಿಗೆ ಮೈಯೆಲ್ಲ ಉರಿಯಿತು. ಆದರೂ ಪಾಠ ಹೇಳುವವಳಂತೆ ಹೇಳಿದಳು: ಅದರೊಳಗೆ ಜೀವ ಇರುತ್ತದೆ, ಹುಳಿಯೇ ಅದಕ್ಕೆ ಕಾವಲು, ಗಂಜಲ ಬಿದ್ದರೆ ಹುಳಿ ಮುರಿಯುತ್ತದೆ, ಹುಳಿ ಮುರಿದರೆ ಬೂಸಲು ಹತ್ತುತ್ತದೆ, ಅರವತ್ತು ಲೀಟರು ಚರಂಡಿಗೆ.

ಪಾಪಮ್ಮ ಈಗ ಕೈ ನಿಲ್ಲಿಸಿದಳು. "ಏನಂದೆ? ಗಂಜಲದಿಂದ ಕೆಡ್ತಾ? ಗಂಜಲದಿಂದ ಕೆಡೋ ವಸ್ತು ಈ ಪ್ರಪಂಚದಲ್ಲಿ ಐತಾ? ಕೆಟ್ಟಿದ್ದು ಗಂಜಲದಿಂದಲ್ಲವ್ವ. ಕೈಗುಣ ಅಂತ ಒಂದಿರ್ತದೆ. ಹೇಳಬಾರ್ದು, ನೀನೇ ಹೇಳಿಸ್ದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೋಮಲ ತಿರುಗಿ ನೋಡಿದಳು. ನಡುಮನೆಯ ಬಾಗಿಲಲ್ಲಿ ಸ್ಫೂರ್ತಿ ಮೊಬೈಲು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತರಬೇತಿಯಲ್ಲಿ ಹುಳಿ ಅಳೆಯುವ ಕಾಗದ ಅದ್ದಿ ಇವಳ ಜೊತೆಗೇ ಕಲಿತವಳು, ಗಂಜಲ ಬಿದ್ದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದವಳು. ಒಂದು ಮಾತು, ಅತ್ತೆ ನಿಮ್ಮಿಂದಲೇ ಕೆಟ್ಟಿತು ಎಂಬ ಒಂದೇ ಒಂದು ಮಾತು ಆಡಬೇಕಿತ್ತು. ಅವಳು ನೆಲ ನೋಡಿದಳು.

ಮೋಟರು ಮನೆಗೆ ಬಂದ ಮೇಲೆ ಸ್ಫೂರ್ತಿಗೆ ಬಾಯಿ ಬಂತು. "ಏನ್ ಮಾಡ್ಲಿ ಹೇಳೇ? ವಯಸ್ಸಾದೋರು. ನಂಗೂ ನಿನ್ನೆ ಗೊತ್ತಾಯ್ತು. ಎದುರು ಮಾತಾಡಿದ್ರೆ ಮನೇಲಿ ಇರಕ್ಕಾಗ್ತದಾ? ಹೊಸದಾಗಿ ಹಾಕೋಣ. ನಿಮ್ಮನೇಲಿ ಹೆಪ್ಪು ಐತಲ್ಲ?"

ಇತ್ತು. ಅಜ್ಜಂಪುರದ ಮನೆಯ ಅಡುಗೆ ಕಟ್ಟೆಯ ಮೇಲೆ ಒಂದು ಜಾಡಿ, ಅದರಲ್ಲಿ ಒಂದರ ಮೇಲೊಂದು ಹತ್ತು ಪದರ, ಬಾಯಿಗಿಟ್ಟರೆ ಹಲ್ಲು ಚುಳ್ ಎನ್ನುವ ಹಳೆ ಹುಳಿ ನೀರು. ಇಂಥ ಗಳಿಗೆಗೆಂದೇ ಕೋಮಲ ಕಾದಿರಿಸಿದ್ದು. ಹೂಂ ಎನ್ನಲು ಹೊರಟವಳ ಕಣ್ಣಿಗೆ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ತೂಗು ಹಾಕಿದ್ದ ಹೊಸ ಕಾಗದ ಬಿತ್ತು. ಲೈಸೆನ್ಸು. ಬಂದು ಎಷ್ಟು ದಿನವಾಗಿತ್ತೋ! ತಯಾರಕರ ಹೆಸರು: ಸ್ಫೂರ್ತಿ ಹೊನ್ನೇಶ್. ಕೆಳಗೆ ವಿಳಾಸ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ಓದಿದಳು. ಅವಳ ಹೆಸರು ಎಲ್ಲೂ ಇರಲಿಲ್ಲ.

"ಅದು... ಅಡ್ರೆಸ್ಸು ಇಲ್ಲೀದಲ್ವಾ, ಒಬ್ರ ಹೆಸರೇ ಇರ್ಲಿ ಅಂತ ಇವ್ರು ಅಂದ್ರು," ಎಂದಳು ಸ್ಫೂರ್ತಿ.

ಕೋಮಲಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಕೇಳು ಸ್ಫೂರ್ತಿ. ನಿಮ್ಮತ್ತೆ ನನ್ನ ಕೈ ತೊಳೆದ್ರು, ನೀನು ನನ್ನ ಹೆಸರು ತೊಳೆದೆ. ಹೆಪ್ಪು ಬೇಕಾದ್ರೆ ಇಬ್ಬರ ಹೆಸರಲ್ಲಿ ಪಾಲುದಾರಿಕೆ ಪತ್ರ ಆಗ್ಬೇಕು. ಲೈಸೆನ್ಸು ತಿದ್ದಿಸ್ಬೇಕು. ಅಲ್ಲೀವರ್ಗೂ ಒಂದ್ ಎಳೆ ಕೊಡಲ್ಲ. ಫ್ರಿಜ್ಜಲ್ಲಿ ನಾಕು ಬಾಟ್ಲಿ ಉಳಿದಾವಲ್ಲ, ಅದ್ರಿಂದ ಅರವತ್ತು ಲೀಟರು ಹುಳಿ ಬರಿಸ್ಕೋ ಹೋಗು, ಬತ್ತದೇನೋ ನೋಡ್ತೀನಿ."

ಸ್ಫೂರ್ತಿ ಅತ್ತಳು. ನಿಜವಾಗಿ ಅತ್ತಳು, ಮೂಗು ಕೆಂಪಾಗುವಷ್ಟು. "ತಪ್ಪಾಯ್ತು ಕಣೇ ಕೋಮು. ನಾಳೇನೇ ಪತ್ರ ಮಾಡಿಸೋಣ. ನೀನು ಬೆಳಿಗ್ಗೆ ಕಡೂರಿಗೆ ಹೋಗಿ ಬರೆಸ್ತಾ ಇರು, ಹನ್ನೊಂದು ಗಂಟೆಗೆ ನಾನೂ ಇವ್ರೂ ಬಂದು ಸೈನ್ ಹಾಕ್ತೀವಿ. ಹಂಗೇ ನಿನ್ ಜೊತೆ ಅಜ್ಜಂಪುರಕ್ಕೆ ಬಂದು ಜಾಡಿ ತಗೊಂಡ್ ಬತ್ತೀವಿ. ಸರೀನಾ?" ಎಂದು ತಬ್ಬಿಕೊಂಡಳು. ಇಬ್ಬರೂ ಸೇರಿ ಅರವತ್ತು ಲೀಟರನ್ನು ತೆಂಗಿನ ಬುಡಕ್ಕೆ ಸುರಿದರು, ಜಾಡಿಗಳನ್ನು ಕುದಿನೀರು ಹುಯ್ದು ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಬಸ್ಸಿನಲ್ಲಿ ಕೋಮಲಳಿಗೆ ತಾನೇ ಒರಟಾಗಿ ಮಾತಾಡಿದೆನೇನೋ ಅನ್ನಿಸಿ ಬೇಜಾರಾಯಿತು. ನೋಡಿ ಅವಳ ಬುದ್ಧಿಯ!

ಮರುದಿನ ಹತ್ತು ಗಂಟೆಗೆಲ್ಲ ಅವಳು ಕಡೂರಿನ ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ಪತ್ರ ಬರಹಗಾರ ಮಲ್ಲಿಕಾರ್ಜುನಪ್ಪನವರ ಬೆಂಚಿನ ಮೇಲೆ ಕೂತಿದ್ದಳು. ಮಲ್ಲಿಕಾರ್ಜುನಪ್ಪ ಮೂಗಿನ ಮೇಲೆ ಕನ್ನಡಕ ಜಾರಿಸಿಕೊಂಡು, ಪಕ್ಕದ ಹುಡುಗಿಗೆ ಒಂದೊಂದೇ ಸಾಲು ಹೇಳಿ ಟೈಪ್ ಮಾಡಿಸಿದರು. "ವ್ಯಾಪಾರದ ವಸ್ತು ಏನಮ್ಮಾ?" ಎಂದು ಕೇಳಿದರು. ಕೊಂಬುಚ ಎಂದಳು. "ಏನು? ಮದ್ಯವಾ?" "ಅಲ್ಲ ಸಾರ್, ಹುಳಿ ಬರಿಸಿದ ಚಹಾ." "ಚಹಾನ ಯಾಕಮ್ಮ ಕೆಡಿಸಿ ಕುಡೀತೀರಿ?" ಎಂದು ನಗುತ್ತಲೇ, ಹುಳಿ ಬರಿಸಿದ, ಹಣ್ಣಿನ ರುಚಿ ಸೇರಿಸಿದ ಚಹಾ ಪಾನೀಯ ಎಂದು ಬರೆಸಿದರು. ಒಂದನೇ ಪಾರ್ಟಿ: ಕೋಮಲಾ, ಓಬಳಪ್ಪನವರ ಮಗಳು, ವಾಸ ಅಜ್ಜಂಪುರ. ಛಾಪಾ ಕಾಗದದ ಮೇಲೆ ಹೆಸರು ಅಚ್ಚಾಗಿ ಹೊರಬಂದಾಗ ಅವಳಿಗೆ ಓದಿದಷ್ಟೂ ಸಾಕೆನಿಸಲಿಲ್ಲ. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎಂದುಕೊಂಡಳು.

ಹನ್ನೊಂದೂಕಾಲಿಗೆ ಫೋನು ಮಾಡಿದರೆ ಸ್ಫೂರ್ತಿ, "ಹೊರಟ್ವಿ ಕಣೇ, ದಾರೀಲಿದ್ದೀವಿ" ಎಂದಳು. ಹನ್ನೆರಡೂವರೆಗೆ ಫೋನು ಎತ್ತಲಿಲ್ಲ. ಎರಡು ಗಂಟೆಗೆ ಸ್ವಿಚ್ ಆಫ್. ಟೆಂಪೊ ಕೆಟ್ಟಿತೇನೋ, ಮುದುಕಿ ತಡೆದಳೇನೋ, ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾಯಿತೇನೋ ಎಂದು ಕೋಮಲ ಅವರ ಪರವಾಗಿ ತಾನೇ ನೆಪ ಹುಡುಕುತ್ತ ಕೂತಳು. ನಾಲ್ಕು ಗಂಟೆಗೆ ಮಲ್ಲಿಕಾರ್ಜುನಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಎರಡನೇ ಪಾರ್ಟಿ ಬರ್ದೇ ಇರೋ ಪತ್ರ ನಮ್ ಬೀರುವಲ್ಲಿ ಒಂದ್ ಕಂತೆ ಐತಮ್ಮ. ನೀನು ಊರಿಗೆ ಹೋಗು. ಇಟ್ಕೊಂಡಿರು, ಕಾಗದ ಕೆಡಲ್ಲ."

ಪತ್ರವನ್ನು ಚೀಲದಲ್ಲಿ ಮಡಿಸದಂತೆ ಇಟ್ಟುಕೊಂಡು ಅವಳು ಬೀರೂರು ಮೇಲಿನ ಬಸ್ಸು ಹತ್ತಿದಳು. ಅಜ್ಜಂಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು.

ಓಬಮ್ಮ ಬಾಗಿಲಲ್ಲೇ ಕೂತಿದ್ದಳು. ಐದು ದಿನ ಜ್ವರ ಬಂದು ಮಲಗಿದ್ದವಳು, ಅದಕ್ಕೇ ಕೋಮಲ ಯಗಟಿಗೆ ಹೋಗಲಾಗದೆ ಜಾಡಿಗಳು ಕಣ್ಣು ತಪ್ಪಿದ್ದು. ಈಗ ನೋಡಿದರೆ ತಲೆ ಬಾಚಿ, ಒಗೆದ ಸೀರೆ ಉಟ್ಟು, ಮುಖ ಅರಳಿಸಿಕೊಂಡು ಕೂತಿದ್ದಾಳೆ.

"ಬಾರೇ, ಬಾ! ಯಾರು ಬಂದಿದ್ರು ಹೇಳು ನೋಡಾನ? ನಿನ್ ಫ್ರೆಂಡು ಕಣೇ, ಸ್ಫೂರ್ತಿ! ಗಂಡನ ಜೊತೆ ಬಂದಿತ್ತು, ಟೆಂಪೊ ಮಾಡ್ಕೊಂಡು."

ಕೋಮಲಳ ಕಣ್ಣು ಅಡುಗೆ ಕಟ್ಟೆಯ ಮೇಲೆ ಹೋಯಿತು. ಜಾಡಿ ಇಟ್ಟಿದ್ದ ಜಾಗದಲ್ಲಿ ದುಂಡಗೆ ಒದ್ದೆ ಗುರುತು ಇತ್ತು.

"ಆಯಪ್ಪ ಟೆಂಪೊ ಇಳೀಲಿಲ್ಲ," ಎಂದು ಓಬಮ್ಮ ಹೇಳುತ್ತಲೇ ಇದ್ದಳು. "ಆದ್ರೆ ಆಯಮ್ಮ ಒಳಗೇ ಬಂತು ಕಣೇ. ಕುರ್ಚಿ ಹಾಕ್ದೆ, ಬ್ಯಾಡ ಅಮ್ಮ ಅಂತ ನನ್ ಪಕ್ಕ ಚಾಪೆ ಮೇಲೆ ಕೂತ್ಕೊಂತು. ನನ್ನ ಅಮ್ಮ ಅಂತು! ಕಾಫಿ ಕೊಡ್ಲಾ ಬ್ಯಾಡ್ವಾ ಅಂತ ನಾನು ಹೆದರ್ಕೊಂಡು ನಿಂತಿದ್ರೆ, ಅದೇ ಬಾಯ್ಬಿಟ್ಟು ಕೇಳ್ತು. ಎತ್ತಿ ಹುಯ್ಕೊಳ್ಲಿಲ್ಲ ಕಣೇ, ಕಚ್ಚೇ ಕುಡೀತು. ಪೂರ್ತಿ ಕುಡೀತು. ಆಮೇಲೆ, ಅಮ್ಮ ಒಂದಿಷ್ಟು ಹೆಪ್ಪು ಬೇಕಿತ್ತು, ಕೋಮು ಕಡೂರಲ್ಲಿದ್ದಾಳೆ, ನಿಮ್ಮ ಹತ್ರ ಇಸ್ಕೊಂಡ್ ಹೋಗು ಅಂದ್ಲು ಅಂತು."

"ಎಷ್ಟು ಕೊಟ್ಟೆ ಅವ್ವ?"

"ಒಂದ್ ಪದರ ಸಾಕಾ ಅಂದೆ. ಆರು ಜಾಡಿಗೆ ಬೇಕು ಅಂತು. ಹೆಪ್ಪು ಕೊಡೋವಾಗ ಕೈ ಹಿಡೀಬಾರ್ದು ಅಂತ ಜಾಡಿ ಸಮೇತ ಎತ್ಕೊಟ್ಟೆ. ನಾಳೆ ಹೋದಾಗ ಮನೆಗೊಂದು ಪದರ ನೀನೇ ತಂದ್ಕೋ. ನೋಡು, ನಮ್ಮನೇಲಿ ಎರಡೆರಡು ಹಸ ಕರೀತಿದ್ದಾಗ್ಲೂ ಈ ಊರಲ್ಲಿ ಒಬ್ರು ಬಂದು ಓಬಮ್ಮ ಒಂದ್ ಚಮಚ ಹೆಪ್ಪು ಕೊಡು ಅಂದೋರಿಲ್ಲ. ನಮ್ಮನೇದು ಒಡೆದೋದ್ರೆ ನಾನು ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕ್ಕೊಂಡು ಕಾಯ್ತಿದ್ದೆ, ಯಾರ ಬಾಗ್ಲಿಗೂ ಹೋಗಂಗಿರ್ಲಿಲ್ಲ. ಅರವತ್ತೆರಡು ವರ್ಷಕ್ಕೆ ಇವತ್ತು ನನ್ನ ಕೇಳ್ಕೊಂಡ್ ಬಂದ್ರು ಕಣೇ. ಪಕ್ಕದ ಮನೆ ಅನಿತಾ ಬಾಗ್ಲಲ್ಲಿ ನಿಂತು ನೋಡ್ತಾ ಇದ್ಲು!"

ಕೋಮಲ ಹೊರಗೆ ಬಂದು ಹೊನ್ನೇಶನಿಗೆ ಫೋನು ಮಾಡಿದಳು. ಅವನು ಎತ್ತಿದ. ಹಿಂದೆ ಸ್ಟೌವಿನ ಸದ್ದು, ಗಾಜಿನ ಸದ್ದು ಕೇಳುತ್ತಿತ್ತು. ಚಹಾ ಆಗಲೇ ಕುದಿಯುತ್ತಿತ್ತು.

"ನೋಡಮ್ಮ, ಇನ್ಮೇಲೆ ನಮ್ ಸರಕು ನಾವೇ ಮಾಡ್ಕೋತೀವಿ," ಎಂದ. "ನಮ್ಮವ್ವ ಒಪ್ಪಲ್ಲ ಅಂತವ್ರೆ, ಮನೇಲಿ ಗಲಾಟೆ ಬ್ಯಾಡ. ನಿಮ್ ತಾಯಿ ತಾವಾಗೇ ಕೊಟ್ಟಿದ್ದು, ನಾವೇನ್ ಕಿತ್ಕೊಂಡ್ ಬಂದಿಲ್ಲ. ಅದಕ್ಕೇನಾದ್ರೂ ಬೆಲೆ ಅಂತ ಇದ್ರೆ ಹೇಳಿ, ಕೊಟ್ಬಿಡಾನ."

"ಸ್ಫೂರ್ತಿಗೆ ಕೊಡಿ ಫೋನ್ನ."

"ಅವಳು ಕೆಲ್ಸದಲ್ಲವ್ಳೆ."

ಫೋನು ಇಟ್ಟ. ಕೋಮಲ ಬೀದಿಯಲ್ಲೇ ನಿಂತಳು. ಹೆಪ್ಪು ಮತ್ತೆ ಬೆಳೆಸಬಹುದು, ಅದು ಅವಳಿಗೂ ಗೊತ್ತು. ಎಲ್ಲಿಂದಾದರೂ ಒಂದು ಬಾಟಲಿ ತಂದು, ಚಹಾಕ್ಕೆ ಹಾಕಿ, ಬಟ್ಟೆ ಕಟ್ಟಿ ಕಾದರೆ ತಿಂಗಳೊಪ್ಪತ್ತಿನಲ್ಲಿ ತೆಳ್ಳಗೆ ಒಂದು ಪದರ ಕಟ್ಟುತ್ತದೆ. ಅಷ್ಟರಲ್ಲಿ ಲಕ್ಕವಳ್ಳಿಗೆ ಸ್ಫೂರ್ತಿ ಹೊನ್ನೇಶ್ ಎಂಬ ಹೆಸರಿನ ಮುನ್ನೂರು ನಾನೂರು ಬಾಟಲಿ ಹೋಗಿರುತ್ತವೆ. ಅವರನ್ನು ಸಹಿಗೆ ಕೂರಿಸಲು ಅವಳ ಕೈಯಲ್ಲಿದ್ದದ್ದು ಆ ಜಾಡಿಯೊಂದೇ. ಪತ್ರ ಬರೆಸಲು ಕಡೂರಿಗೆ ಕಳಿಸಿ, ಆ ಒಂದು ಜಾಡಿಯನ್ನೂ ಅವ್ವನ ಕೈಯಿಂದಲೇ ಎತ್ತಿಸಿಕೊಂಡು ಹೋದರಲ್ಲ, ಇವರಿಗೆ ಅನ್ನ ಹೇಗೆ ಇಳಿಯುತ್ತದೆ! ಅಳು ಬರಲಿಲ್ಲ ಅವಳಿಗೆ. ಸಿಟ್ಟು ಬಂತು.

ಒಳಗೆ ಬಂದಾಗ ಓಬಮ್ಮ, ಸ್ಫೂರ್ತಿ ಕಾಫಿ ಕುಡಿದ ಲೋಟವನ್ನು ಅನಿತಾಳಿಗೆ ತೋರಿಸುತ್ತಿದ್ದಳು. ಅನಿತಾ ಹೋಗುವವರೆಗೂ ಕೋಮಲ ತಡೆದುಕೊಂಡಳು. ಹೇಳಬಾರದು ಎಂದೇ ಇದ್ದಳು. ಅರವತ್ತೆರಡು ವರ್ಷಕ್ಕೆ ಸಿಕ್ಕ ಒಂದು ಮಧ್ಯಾಹ್ನ, ಅವಳ ಪಾಲಿಗೆ ಇದ್ದುಕೊಳ್ಳಲಿ ಎಂದುಕೊಂಡಿದ್ದಳು. ಆದರೆ ಓಬಮ್ಮ, "ನಿಮ್ಮಪ್ಪ ಸುಮ್ನೆ ಎಲ್ಲಾರ್ನೂ ಬಯ್ತಿದ್ದ ಕಣೇ, ಒಳ್ಳೇ ಜನಾನೂ ಅವ್ರೆ" ಎಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಒಳ್ಳೇ ಜನ ಅಲ್ಲ ಅವ್ವ, ಕಳ್ಳರು! ನಾನು ಯಾವ ಹೆಪ್ಪೂ ಇಸ್ಕೊಂಡ್ ಹೋಗು ಅಂದಿಲ್ಲ. ನನ್ನ ಕಡೂರಲ್ಲಿ ಕಾಯಿಸಿ ಇಲ್ಲಿಗೆ ಬಂದವ್ರೆ. ಇನ್ಮೇಲೆ ನಾನು ಅಲ್ಲಿಗೆ ಹೋಗಂಗಿಲ್ಲ. ನನ್ನ ಹೆಸರೂ ಇಲ್ಲ, ಕೆಲಸಾನೂ ಇಲ್ಲ. ನಾನು ಮುಟ್ಟಿದ ಜಾಡಿಗೆ ಅವರ ಮನೇಲಿ ಗಂಜಲ ಹುಯ್ದವ್ರೆ ಅವ್ವ, ಗಂಜಲ!"

ಚೀಲದಿಂದ ಪತ್ರ ತೆಗೆದು ಚಾಪೆಯ ಮೇಲೆ ಹಾಕಿದಳು. ಓಬಮ್ಮನಿಗೆ ಓದಲು ಬರುವುದಿಲ್ಲ. ಆದರೂ ಅದನ್ನು ಎತ್ತಿಕೊಂಡು, ಮೇಲೆ ಕೆಳಗೆ ನೋಡಿ, ಸಹಿ ಇಲ್ಲದ ಜಾಗದ ಮೇಲೆ ಬೆರಳಾಡಿಸಿದಳು. ಮುಖದಲ್ಲಿದ್ದ ಬೆಳಕೆಲ್ಲ ಹೋಯಿತು. ಕೋಮಲಳಿಗೆ ಹೇಳಿದ್ದು ತಪ್ಪಾಯಿತೆನಿಸಿತು, ಆದರೆ ಆಡಿದ ಮಾತು ಆಡಿಯಾಗಿತ್ತು.

"ಹಂಗಾದ್ರೆ ಕಾಫಿ ಯಾಕೆ ಕುಡೀತು?" ಎಂದಳು ಓಬಮ್ಮ. "ಕಚ್ಚಿ ಕುಡೀತಲ್ಲೇ."

"ಜಾಡಿ ಬೇಕಿತ್ತಲ್ಲ ಅವ್ವ, ಅದಕ್ಕೆ."

ಓಬಮ್ಮ ಪತ್ರವನ್ನು ಜೋಪಾನವಾಗಿ ಮಗಳ ಕೈಗೆ ವಾಪಸು ಕೊಟ್ಟಳು.

"ಅದಕ್ಕೆ ಅಷ್ಟೆಲ್ಲಾ ಮಾಡ್ಬೇಕಾಗಿತ್ತಾ," ಎಂದಳು. "ಬಾಗ್ಲಲ್ಲಿ ನಿಂತು ಕೇಳಿದ್ರೂ ಕೊಡ್ತಿದ್ನಲ್ಲೇ."